ನಮ್ಮ ಮಾತಿನ ಸುದ್ದಿ

ಯುಗಾದಿ ಹಬ್ಬ. ಮಗಳು ಮಲ್ಲಸಮುದ್ರಕ್ಕೆ ಬಂದಿದ್ದಾಳೆ. ಅವಳು, ಅವಳ ಗಂಡ ಗೋವಾದ ವಾಸ್ಕೋದಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ಗದಗಿನಲ್ಲಿ ರೈಲು ಹತ್ತಿ ಹೋದವರು ಎರಡು ವರ್ಷದ ಮೇಲೆ ಬಂದಿದ್ದಾರೆ.

“ಅಲ್ಲಿ ಹ್ಯಾಂಗ ಐತಿ ಮಗಳ?” ತಾಯಿ ಕೇಳಿದಳು.

“ದುಡಿಮಿ ಐತಿ ಯವ್ವಾ. ಆದರ ಸುದ್ದಿ ತಿಳಿಯೂದಿಲ್ಲ. ಅಲ್ಲಿ ಕೊಂಕಣಿ ಮಾತಾಡ್ತಾರ. ಬೋರ್ಡು ಓದಾಕ ಬರೂದಿಲ್ಲ. ಎರಡು ವರ್ಷ ಅಕ್ಕಿ ಕೊಂಡು ತಿಂದಿವಿ.”

“ರೇಷನ್ ಕಾರ್ಡು ಇತ್ತಲ್ಲ?”

“ಊರಿನ ಕಾರ್ಡು ಅಲ್ಲಿ ನಡಿಯೂದಿಲ್ಲಂತ ತಿಳಕೊಂಡಿದ್ವಿ.”

“ನಡೀತೈತಿ! ನಾನs ಗೋಡೆ ಪತ್ರಿಕೆಯಾಗ ಓದೇನಿ” ಎಂದಳು ತಾಯಿ.

ತಾಯಿ ಹೇಳಿದ್ದು ನಿಜ. ‘ಒಂದು ದೇಶ, ಒಂದು ರೇಷನ್ ಕಾರ್ಡು’ ಎಂಬ ಯೋಜನೆ ಇದೆ. 2022ರ ಹೊತ್ತಿಗೆ ಅದು ಎಲ್ಲ ರಾಜ್ಯಗಳಿಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ಕಾರ್ಡು ಇರಬೇಕು. ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಆಗ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ದುಡಿಯಲು ಹೋದವರು ತಮ್ಮ ಪಾಲನ್ನು ಅಲ್ಲಿ ಪಡೆಯಬಹುದು. ಮನೆಯಲ್ಲಿ ಉಳಿದವರು ತಮ್ಮ ಪಾಲನ್ನು ಊರಲ್ಲೇ ಪಡೆಯಬಹುದು.

ಹಕ್ಕು ಇತ್ತು. ಸುದ್ದಿ ಮುಟ್ಟಲಿಲ್ಲ. ಅದಕ್ಕೇ ನಷ್ಟವಾಯಿತು.

ವಲಸೆ ಹೋದವರಿಗೆ ತಮ್ಮ ಮಾತಿನಲ್ಲೇ ಸುದ್ದಿ ಬೇಕು. ಅದನ್ನು ಅವರೇ ಮಾಡಿಕೊಳ್ಳಬಹುದು. ದಿಲ್ಲಿಯ ಹತ್ತಿರ ಗುಡಗಾಂವ್ ಇದೆ. ಬಿಹಾರ, ಉತ್ತರ ಪ್ರದೇಶದ ಕೂಲಿಕಾರರು ಅಲ್ಲಿಗೆ ದುಡಿಯಲು ಬರುತ್ತಾರೆ. 2009ರಲ್ಲಿ ಅಲ್ಲಿ ‘ಗುಡಗಾಂವ್ ಕೀ ಆವಾಜ್’ ಎಂಬ ಸಮುದಾಯ ರೇಡಿಯೋ ಶುರುವಾಯಿತು. ಕೂಲಿಕಾರರು ಅದರಲ್ಲಿ ತಾವೇ ಮಾತಾಡಿದರು. ತಮ್ಮ ಊರಿನ ಹಾಡು ಹಾಡಿದರು.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆದಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ಹಳ್ಳಿಯ ಹೆಂಗಸರು ಕಾರ್ಯಕ್ರಮ ಮಾಡಿದರು. ಆಗ ಹಳ್ಳಿಯ ಸಂಘಗಳಿಗೆ ರೇಡಿಯೋ ಪರವಾನಗಿ ಸಿಗುತ್ತಿರಲಿಲ್ಲ. ಅವರು ಕೈಕಟ್ಟಿ ಕೂಡಲಿಲ್ಲ. ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ಸಂಘಗಳಿಗೂ ಪರವಾನಗಿ ಕೊಡಬಹುದು ಎಂದು ಸರಕಾರ 2006ರಲ್ಲಿ ಒಪ್ಪಿತು.

ರೇಡಿಯೋ ಇಲ್ಲದಿದ್ದರೆ? ಒಂದು ಗೋಡೆ, ಒಂದು ಹಾಳೆ, ಒಂದು ಪೆನ್ನು ಸಾಕು. ದಪ್ಪ ಅಕ್ಷರದಲ್ಲಿ ಬರೆಯಿರಿ. ಓದು ಬಾರದವರಿಗೆ ಓದಿ ಹೇಳಿರಿ. ಖಾತ್ರಿ ಮಾಡಿಕೊಂಡ ಸುದ್ದಿಯನ್ನೇ ಬರೆಯಿರಿ.

ಹಬ್ಬ ಮುಗಿಯಿತು. ಮಗಳು ಹೊರಟಳು.

“ಯವ್ವಾ, ನೀ ಓದಿದ್ದನ್ನ ಮೊಬೈಲಿನ್ಯಾಗ ಮಾತಾಡಿ ಕಳಸು. ಐತವಾರ ನಮ್ಮ ಚಾಳಿನವರನ್ನೆಲ್ಲ ಕೂಡಿಸಿ ಕೇಳಸ್ತೀನಿ.”

“ಕಳಸ್ತೀನಿ. ನೀನೂ ನಾಕು ಅಕ್ಷರ ಕಲಿ ಮಗಳ” ಎಂದಳು ತಾಯಿ.

ಉತ್ತರ ಬರೆಯಿರಿ:
1. ಮಗಳು ಎರಡು ವರ್ಷ ಅಕ್ಕಿ ಕೊಂಡು ತಿಂದದ್ದು ಏಕೆ?
2. ಬೂದಿಕೋಟೆಯ ಹೆಂಗಸರು ದನಿ ಮುಟ್ಟಿಸಿದ್ದು ಹೇಗೆ?
3. ನಿಮ್ಮ ಓಣಿಯಿಂದ ಯಾರು ದುಡಿಯಲು ಹೋಗಿದ್ದಾರೆ? ಅವರಿಗೆ ಯಾವ ಸುದ್ದಿ ಮುಟ್ಟಬೇಕು? ನಾಲ್ಕು ಸಾಲು ಬರೆಯಿರಿ.