ಮಾತ್ರೆ ಬಚ್ಚಿಟ್ಟ ರಾತ್ರಿ

ಮಾವನವರ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದ ಮೇಲೆ ಬೆಂಗಳೂರಿನ ಡಾಕ್ಟರು ಮಾರ್ಫಿನ್ ಬರೆದುಕೊಟ್ಟರು: 10 ಮಿಲಿಗ್ರಾಂ ಮಾತ್ರೆ, ನಾಲ್ಕು ಗಂಟೆಗೊಂದು, ರಾತ್ರಿ ಮಲಗುವಾಗ ಎರಡು. ಮಗ್ಗುಲು ಬದಲಿಸಲೂ ಆಗದಿದ್ದವರು ಎದ್ದು ಕೂತು ಮುದ್ದೆ ಕೇಳಿದರು.

ಆ ನೆಮ್ಮದಿಯನ್ನು ಕೆಡಿಸಿದವರು ನಮ್ಮ ಚಿಕ್ಕಮಾವ. ಚಿಕ್ಕನಾಯಕನಹಳ್ಳಿಯಿಂದ ನೋಡಲು ಬಂದವರು, "ಇದು ಅಫೀಮು ಕಣಮ್ಮ, ಅಣ್ಣನಿಗೆ ಚಟ ಹತ್ತಿಸ್ತಾ ಇದೀರಿ" ಎಂದು ಎಗರಾಡಿದರು. ಸಂಜೆಗೆ ಮಾತ್ರೆ ಡಬ್ಬಿಯೇ ಇಲ್ಲ. ನನ್ನ ಗಂಡ ತುರುವೇಕೆರೆಯಲ್ಲಿದ್ದರು.

ಎಂಟರ ಮಾತ್ರೆ ತಪ್ಪಿತು. ಹತ್ತಕ್ಕೆ ಮಾವ ಬೆವರತೊಡಗಿದರು. ಆಮೇಲೆ ಹೊದಿಕೆ ತಾಕಿದರೂ ನರಳಾಟ. ತೆಂಗಿನಮರದಿಂದ ಬಿದ್ದು ಕೈ ಮುರಿದಾಗಲೂ ಕೂಗದಿದ್ದ ಮನುಷ್ಯ ಟವೆಲ್ ಕಚ್ಚಿಕೊಂಡು, "ತಾಯಿ, ಕೊಟ್ಟರೆ ಮಾತ್ರೆ ಕೊಡು, ಇಲ್ಲಾಂದ್ರೆ ವಿಷ ಕೊಡು" ಎಂದರು. ಜಗಲಿಯಲ್ಲಿ ಕೂತಿದ್ದ ಚಿಕ್ಕಮಾವ, "ಬೆಳಗಾಗೋವರೆಗೂ ತಡ್ಕೊಳ್ಳಲಿ" ಎಂದರು. ಟಾರ್ಚ್ ಹಿಡಿದು ಕೊಬ್ಬರಿ ಅಟ್ಟ ಹತ್ತಿದೆ. ಚೀಲಗಳ ಸಂದಿಯಲ್ಲಿ ಡಬ್ಬಿ ಸಿಕ್ಕಿತು. ತಪ್ಪಿದ್ದನ್ನೂ ಸೇರಿಸಿ ಕೊಡದೆ, ಬರೆದಷ್ಟನ್ನೇ ಕೊಟ್ಟೆ. ನೋವು ಹಿಡಿತಕ್ಕೆ ಬರಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟೂ ಹೊತ್ತು ಅವರು ನನ್ನ ಕೈ ಬಿಡಲಿಲ್ಲ.

ಮಾರ್ಫಿನ್ ತಟ್ಟನೆ ನಿಲ್ಲಿಸಿದರೆ ಬೆವರು, ನಡುಕ ಬರುವುದುಂಟು. ಅದು ದೇಹ ಔಷಧಿಗೆ ಒಗ್ಗಿಕೊಂಡ ಲಕ್ಷಣ, ಚಟವಲ್ಲ. ಚಿಕ್ಕಮಾವನಿಗೆ ಇದನ್ನು ಡಾಕ್ಟರೇ ಫೋನಿನಲ್ಲಿ ಹೇಳಿದರು. ಕೇಳಿಸಿಕೊಳ್ಳಲಿಲ್ಲ.

ಇಂಥ ಮನೆಯವರಿಗೆ ನಾನು ಹೇಳುವುದಿಷ್ಟು. ನೋವು ಬರಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ಕೊಡಿ. ನಡುವೆ ನೋವು ಎದ್ದರೆ ಏನು ಮಾಡಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ವಾಕರಿಕೆ, ಮಂಪರು ಕೆಲವು ದಿನಕ್ಕೆ ಇಳಿಯುತ್ತವೆ. ಮಲಬದ್ಧತೆ ಇಳಿಯುವುದಿಲ್ಲ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಉಸಿರು ತೀರಾ ನಿಧಾನವಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ.

ನಾನು ಕೇಳಿದ ಒಬ್ಬ ಮೆಡಿಕಲ್ ಶಾಪಿನವನು ಮಾರ್ಫಿನ್ ಹೆಸರು ಕೇಳಿಯೇ ಬೈದು ಕಳಿಸಿದ. 1985ರ ಮಾದಕ ವಸ್ತು ಕಾಯ್ದೆಯ ಭಯ ಅಷ್ಟು ಆಳದ್ದು. ಆದರೆ ಅದರ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಲವು ಲೈಸೆನ್ಸುಗಳಿಲ್ಲದೆ ಮಾರ್ಫಿನ್ ಇಟ್ಟುಕೊಳ್ಳಬಹುದು. ಮುಂದಿನ ತಿಂಗಳ ಮಾತ್ರೆ ಎಲ್ಲಿ ಸಿಗುತ್ತದೆಂದು ಆಸ್ಪತ್ರೆ ಬಿಡುವ ಮುಂಚೆಯೇ ಕೇಳಿ. ಡಬ್ಬಿಗೆ ಬೀಗ ಹಾಕಿ, ಮಕ್ಕಳಿಂದಲೂ ನೆಂಟರಿಂದಲೂ ದೂರವಿಡಿ.

ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ಆರೈಕೆ ಮಾಡುವ ಬೆಂಗಳೂರಿನ ಕರುಣಾಶ್ರಯವಿದೆ, ದುಡ್ಡು ಕೇಳುವುದಿಲ್ಲ. ಮಾವ ತೀರಿಕೊಂಡದ್ದು ಅಲ್ಲೇ. ತಿಥಿಯಲ್ಲಿ ಚಿಕ್ಕಮಾವ, "ಮಾರ್ಫಿನ್ನೇ ಕೊಂದಿದ್ದು" ಎಂದು ಎಲೆ ಮುಂದೆ ಕೂತೇ ಹೇಳಿದರು. ಸಾಯುವ ಹಿಂದಿನ ವಾರ ತಿಪಟೂರಿನ ಮಂಡಿಯವರ ಜೊತೆ ಫೋನಿನಲ್ಲಿ ಜಗಳವಾಡಿ ನಮ್ಮ ಕೊಬ್ಬರಿಗೆ ಒಳ್ಳೆ ದರ ಹಿಡಿದವರು ಮಾವನವರೇ ಎಂದು ಎಲ್ಲರೆದುರು ಉತ್ತರ ಕೊಟ್ಟೆ. ಆ ಮಾತು ಹೆಚ್ಚಾಯಿತು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.