ಪೌಲನ ಗುಡಾರ, ನನ್ನ ಟೆಲಿಗ್ರಾಂ ಟಾಸ್ಕ್

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ.

ಕಳೆದ ಯೂತ್ ಮೀಟಿಂಗ್‌ನಲ್ಲಿ ಯಾರೋ ಒಂದು ಚೀಟಿ ಬರೆದು ಕೊಟ್ಟಿದ್ರು. "ಬ್ರದರ್, ಇಪ್ಪತ್ತನೇ ತಾರೀಖಿಗೇ ಸಂಬಳ ಮುಗಿದುಹೋಗುತ್ತೆ. ಸೈಡ್ ಇನ್‌ಕಮ್ ಮಾಡೋದು ತಪ್ಪಾ?" ತಪ್ಪಲ್ಲ. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೀರಿ. ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಉಳಿದುಕೊಂಡು ಅವರ ಜೊತೆ ಗುಡಾರ ಮಾಡುವ ಕೆಲಸ ಮಾಡಿದನು. ಇದರಲ್ಲಿ ಒಂದು ವಿಷಯ ಬೈಬಲ್ ಕಾಲೇಜಿನಲ್ಲಿ ಓದುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ದುಡ್ಡು ಕಳ್ಕೊಂಡ ಮೇಲೆ ಬಿತ್ತು. ಪೌಲನಿಗೆ ಆ ಕಸುಬು ಗೊತ್ತಿತ್ತು. ಕೆಲಸ ಮಾಡಿದ, ಜೀವನ ನಡೆಸಿದ. ಕೆಲಸ ಸಿಗಲಿ ಅಂತ ಅಕ್ವಿಲನಿಗೆ ಡೆಪಾಸಿಟ್ ಕಟ್ಟಿದ ಅಂತ ಎಲ್ಲೂ ಬರೆದಿಲ್ಲ. (ನಗು)

ನಗ್ತೀರಿ. ನಾನು ಕಟ್ಟಿದ್ದೆ.

2023ರಲ್ಲಿ. ಹೆಂಡತಿಗೆ ಏಳನೇ ತಿಂಗಳು. ಹೆರಿಗೆಗೆ ಅಂತ 45,000 ರೂಪಾಯಿ ಕೂಡಿಟ್ಟಿದ್ವಿ, ಸಾಲದು ಅಂತ ಗೊತ್ತಿತ್ತು. ಒಂದು ರಾತ್ರಿ ಅದಕ್ಕಾಗಿಯೇ ಪ್ರಾರ್ಥನೆ ಮಾಡಿದೆ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಮೆಸೇಜ್: ಪಾರ್ಟ್ ಟೈಮ್ ಕೆಲಸ, ಹೋಟೆಲ್‌ಗಳಿಗೆ ಗೂಗಲ್ ಮ್ಯಾಪ್‌ನಲ್ಲಿ ಐದು ಸ್ಟಾರ್ ಕೊಡಬೇಕು, ಒಂದಕ್ಕೆ 50 ರೂಪಾಯಿ. ಅದನ್ನ ನಾನು ಪ್ರಾರ್ಥನೆಗೆ ಬಂದ ಉತ್ತರ ಅಂದುಕೊಂಡೆ. ಹೋಗದೇ ಇರೋ ಹೋಟೆಲ್‌ಗೆ ಸ್ಟಾರ್ ಕೊಡೋದೇ ಒಂದು ಸುಳ್ಳು ಅಂತ ಈ ಪಾಸ್ಟರ್‌ಗೆ ಹೊಳೀಲಿಲ್ಲ ನೋಡಿ.

ಮೂರು ಸ್ಟಾರಿಂಗ್ ಮಾಡಿದೆ, 150 ರೂಪಾಯಿ ನಿಜವಾಗಿಯೂ ಬಂತು. ಆಮೇಲೆ ಟೆಲಿಗ್ರಾಂ ಗ್ರೂಪ್‌ಗೆ ಸೇರಿಸಿದ್ರು. ಅಲ್ಲಿ "ಪ್ರೀಪೇಯ್ಡ್ ಟಾಸ್ಕ್". 1,000 ಹಾಕಿದೆ, 1,300 ವಾಪಸ್ ಬಂತು. ಅಂದ್ರೆ ಅವರು ನನ್ನ ಮೇಲೆ ಖರ್ಚು ಮಾಡಿದ್ದು 450 ರೂಪಾಯಿ. ಗಾಳದ ಹುಳು ಅದು. ಮುಂದೆ 5,000, ಆಮೇಲೆ 12,000, ಆಮೇಲೆ 24,000. ಈಗ ದುಡ್ಡು ಬ್ಯಾಂಕಿಗೆ ಬರಲಿಲ್ಲ, ಅವರ ವೆಬ್‌ಸೈಟ್‌ನಲ್ಲಿ ಬರೀ ಅಂಕಿಯಾಗಿ ಏರ್ತಾ ಇತ್ತು. 62,400 ಅಂತ ತೋರಿಸ್ತಿತ್ತು. ತೆಗೆಯಬೇಕಾದ್ರೆ 18,000 ಟ್ಯಾಕ್ಸ್ ಕಟ್ಟಿ ಅಂದ್ರು. ಗ್ರೂಪ್‌ನಲ್ಲಿ "ನಾನು ಕಟ್ಟಿದೆ, ನಂಗೆ ಬಂತು" ಅಂತ ಸ್ಕ್ರೀನ್‌ಶಾಟ್ ಹಾಕ್ತಿದ್ದವರೆಲ್ಲ ಅವರ ಜನಾನೇ. ನನ್ನ ಹತ್ರ ಉಳಿದಿದ್ದು ನಾಲ್ಕು ಸಾವಿರ ಚಿಲ್ಲರೆ. ಇದ್ದಿದ್ರೆ ಅದನ್ನೂ ಕಟ್ಟಿಬಿಡ್ತಿದ್ದೆ, ಸುಳ್ಳು ಹೇಳಲ್ಲ.

ದುಡ್ಡು ಹೋಗಿದ್ದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮಧ್ಯದಲ್ಲಿ ಒಂದು ಭಾನುವಾರ ಬಂತು, ಇದೇ ಜಾಗದಲ್ಲಿ ನಿಂತು ನಂಬಿಕೆಯ ಬಗ್ಗೆ ಪ್ರಸಂಗ ಮಾಡಿದೆ. ಪಾಸ್ಟರ್‌ಗೆ ಮೋಸ ಆಯ್ತಂತೆ ಅಂದ್ರೆ ಏನು ಮರ್ಯಾದೆ? ಐದನೇ ದಿನ 1930ಗೆ ಫೋನ್ ಮಾಡಿದೆ. ಆ ನಂಬರ್ ಹೇಗೆ ಕೆಲಸ ಮಾಡುತ್ತೆ ಅಂದ್ರೆ, ನೀವು ಹೇಳಿದ ತಕ್ಷಣ ದುಡ್ಡು ಹೋದ ಖಾತೆಯ ಬ್ಯಾಂಕಿಗೆ ಮಾಹಿತಿ ಹೋಗುತ್ತೆ, ಅಲ್ಲಿ ಇನ್ನೂ ಉಳಿದಿರೋ ದುಡ್ಡನ್ನ ತಡೆಹಿಡಿಯಬಹುದು. ಕಳ್ಳರು ಅದನ್ನ ಖಾತೆಯಿಂದ ಖಾತೆಗೆ ಬೇಗ ಬೇಗ ದಾಟಿಸ್ತಾರೆ. ಹಾಗಾಗಿ ಇಲ್ಲಿ ಲೆಕ್ಕ ಗಂಟೆಗಳದ್ದು. ನಾನು ಮರ್ಯಾದೆ ಕಾಪಾಡಿಕೊಳ್ತಾ ಕೂತಿದ್ದಾಗ ದುಡ್ಡು ಎಲ್ಲೋ ಹೋಗಿತ್ತು.

ಇನ್ನೊಂದಿದೆ, ಇದನ್ನ ಹೇಳೋದು ಕಷ್ಟ. 1,300 ಬಂದ ಖುಷಿಯಲ್ಲಿ ಆ ಲಿಂಕ್‌ನ ನಮ್ಮ ಸಭೆಯ ಒಬ್ಬ ತಮ್ಮನಿಗೆ ಕಳಿಸಿದ್ದೆ. ಅವನು 6,000 ಕಳ್ಕೊಂಡ. ಅವನು ಟೆಲಿಗ್ರಾಂನ ನಂಬಿದ್ದಲ್ಲ, ನನ್ನನ್ನ ನಂಬಿದ್ದ. ಮೂರು ಕಂತಿನಲ್ಲಿ ತೀರಿಸಿದೆ. ಇನ್ಮೇಲೆ ಸಭೆಯಲ್ಲಿ ಯಾರಾದ್ರೂ, ನಾನೇ ಆಗಲಿ, ದುಡ್ಡಿನ ಸ್ಕೀಮ್ ತಂದ್ರೆ ಬ್ರದರ್ ಅಂತ ಮುಖ ನೋಡಬೇಡಿ, ಕಾಗದ ಕೇಳಿ.

ನನ್ನ 41,000 ಹೋಗಿದ್ದು ಯಾರ ಖಾತೆಗೆ ಗೊತ್ತಾ? ಮೂರು ಸಲವೂ ಬೇರೆ ಬೇರೆ ಸಾಮಾನ್ಯ ಜನರ ಹೆಸರು. "ನಿಮ್ಮ ಅಕೌಂಟ್ ಕೊಡಿ, ಕಮಿಷನ್ ಕೊಡ್ತೀವಿ" ಅಂತ ಕಾಲೇಜು ಹುಡುಗರನ್ನ ಹಿಡೀತಾರೆ. ಅದು ಸೈಡ್ ಇನ್‌ಕಮ್ ಅಲ್ಲ, ಕಳ್ಳನ ಚೀಲ ಹೊರೋ ಕೆಲಸ. ಪೊಲೀಸರು ಮೊದಲು ಬರೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಯಾರಾದ್ರೂ ಈಗಾಗಲೇ ಕೊಟ್ಟಿದ್ರೆ ಇವತ್ತೇ ನನ್ನ ಹತ್ರ ಬನ್ನಿ, ಬೈಯಲ್ಲ.

ಚಿಕ್ಕದಾಗಿ ಇನ್ನೆರಡು. ಯುಪಿಐ ಪಿನ್ ದುಡ್ಡು ಕಳಿಸೋಕೆ ಬೇಕು, ಪಡೆಯೋಕೆ ಬೇಡ. ಮನೆಯಲ್ಲಿ ಕೇಕ್, ಟೇಲರಿಂಗ್ ಅಂತ ಶುರು ಮಾಡೋ ಅಕ್ಕಂದಿರೇ, ಸರ್ಕಾರದ ಉದ್ಯಮ್ ನೋಂದಣಿ ಉಚಿತ. ಫೀಸ್ ಕೇಳಿದ್ರೆ ಅದು ಸರ್ಕಾರದ ಸೈಟ್ ಅಲ್ಲ.

ನಾನೀಗ ಶನಿವಾರ ಸಂಜೆ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡ್ತೀನಿ, ತಿಂಗಳಿಗೆ 800. ಮೊದಲ ತಿಂಗಳು ಇಬ್ಬರೇ, 1,600 ರೂಪಾಯಿ. ಈಗ ಐದು ಜನ. ಅದರಲ್ಲಿ ಒಬ್ಬನಿಗೆ ತಾಳ ಅನ್ನೋದು ಇನ್ನೂ ಬಂದಿಲ್ಲ, ಪ್ರಾರ್ಥಿಸಿ. (ನಗು)

ಆರಾಧನೆ ಮುಗಿದ ಮೇಲೆ ಹಿಂದೆ ವಾಟರ್ ಫಿಲ್ಟರ್ ಹತ್ರ ನಿಂತಿರ್ತೀನಿ. ಅನುಮಾನ ಇರೋ ಮೆಸೇಜ್ ಇದ್ರೆ ಫೋನ್ ತಗೊಂಡು ಬನ್ನಿ. ದುಡ್ಡು ಹೋಗಿರೋದು ನಿನ್ನೆ, ಇವತ್ತು ಅಂತಿದ್ರೆ ಆರಾಧನೆ ಮುಗಿಯೋವರೆಗೂ ಕಾಯಬೇಡಿ, ಈಗಲೇ ಎದ್ದು ಹೊರಗೆ ಹೋಗಿ 1930ಗೆ ಫೋನ್ ಮಾಡಿ. ನಾವು ಹಾಡ್ತಾ ಇರ್ತೀವಿ.