ಸಣ್ಣ ಮೈಕಟ್ಟಿಗೆ ಪರದೇಶದ ಅಂಗಿ

ಕಳಸದಿಂದ ಓದಲೋ ದುಡಿಯಲೋ ಲಂಡನ್ನಿಗೆ, ನ್ಯೂಯಾರ್ಕಿಗೆ ಹೋದ ಸಣ್ಣ ಮೈಕಟ್ಟಿನವರಿಗೆ ಮೊದಲ ಚಳಿಗಾಲದಲ್ಲೇ ಪಜೀತಿ. ಅಲ್ಲಿನ ಕೋಟಿನ ತೋಳು ಬೆರಳ ತುದಿಯನ್ನೂ ದಾಟಿರುತ್ತದೆ.

ಹೊರಡುವ ಮುನ್ನ ಊರಿನ ಟೈಲರ್ ಹತ್ತಿರ ಭುಜ, ಎದೆ, ಸೊಂಟ, ತೋಳು, ಕಾಲಿನ ಒಳ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಸೈಜ್ ನಂಬರನ್ನೇ ನೆಚ್ಚುವಂತಿಲ್ಲ: ಅಮೆರಿಕದ 0, ಬ್ರಿಟನ್ನಿನಲ್ಲಿ 4 ಆಗುತ್ತದೆ.

ಹೆಂಗಸರಿಗೆ 'ಪೆಟೀಟ್' ವಿಭಾಗವಿದೆ. ಸಾಮಾನ್ಯವಾಗಿ 5 ಅಡಿ 4 ಅಂಗುಲದೊಳಗಿನವರಿಗೆಂದೇ ತೋಳು, ಉದ್ದ ಕಡಿಮೆ ಮಾಡಿ ಹೊಲಿದದ್ದು. ಗಂಡಸರು ಜಪಾನಿನ ಬಟ್ಟೆ ಕಂಪನಿ ಯೂನಿಕ್ಲೊದ ಮಳಿಗೆಯಲ್ಲಿ ಎಕ್ಸ್‌ಎಸ್ ಸೈಜ್ ಹುಡುಕಬಹುದು. ಮಕ್ಕಳ ವಿಭಾಗಕ್ಕೆ ಹೋಗಲು ನಾಚಬೇಕಿಲ್ಲ. ಬ್ರಿಟನ್ನಿನಲ್ಲಿ ಚಿಕ್ಕ ಮಕ್ಕಳ ಬಟ್ಟೆಗೆ ಶೇ 20ರ ವ್ಯಾಟ್ ಇಲ್ಲ.

ಕೋಟು ಕೊಳ್ಳುವಾಗ ಮೊದಲು ನೋಡಬೇಕಾದ್ದು ಭುಜ. ತೋಳನ್ನೋ ಪ್ಯಾಂಟಿನ ಅಂಚನ್ನೋ ಗಿಡ್ಡ ಮಾಡಿಸುವುದು ಸುಲಭ, ಭುಜ ಬಿಚ್ಚಿ ಹೊಲಿಸುವುದು ದುಬಾರಿ. ಅಂಥ ಕೆಲಸವನ್ನು ರಜೆಗೆ ಊರಿಗೆ ಬಂದಾಗ ಮಾಡಿಸಿಕೊಂಡರೆ ಕೂಲಿಯೂ ಕಡಿಮೆ.